ಊರೂ ಇಲ್ಲ, ಭಾಷೆಯೂ ಇಲ್ಲ: ಒಬ್ಬ ಒರಟು ಪತ್ತೇದಾರನ ಎರಡನೆಯ ಚಿತ್ರ ಮತ್ತು ಅದರ ವಿಮರ್ಶಕರು

ಪತ್ತೇದಾರಿ ಚಿತ್ರವೊಂದು ಗೆದ್ದ ಮೇಲೆ ಅದರ ಉತ್ತರಭಾಗವನ್ನು ನೋಡಲು ಬರುವ ವಿಮರ್ಶಕನ ಕೈಯಲ್ಲಿ ಅಳತೆಗೋಲು ಮೊದಲೇ ಸಿದ್ಧವಿರುತ್ತದೆ. ಮೊದಲಿನದನ್ನೇ ಮತ್ತೆ ಮಾಡಿದ್ದರೆ ಹಳೆಯ ಸರಕು ಎನ್ನಬಹುದು. ಬೇರೆ ದಾರಿ ಹಿಡಿದಿದ್ದರೆ ಮೊದಲಿನ ಸೊಗಸು ಇದರಲ್ಲಿಲ್ಲ ಎನ್ನಬಹುದು. 1975ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಫ್ರೆಂಚ್ ಕನೆಕ್ಷನ್ 2’ ಬೇರೆ ದಾರಿ ಹಿಡಿದ ಚಿತ್ರ. ಅದಕ್ಕೆ ಬಂದ ಮೆಚ್ಚುಗೆಯೂ ಆಕ್ಷೇಪವೂ ಬಹುಮಟ್ಟಿಗೆ ಒಂದೇ ಭಾಗದ ಸುತ್ತ, ಅಂದರೆ ಚಿತ್ರದ ನಡುಭಾಗದ ಸುತ್ತ ಹುಟ್ಟಿದವು ಎಂಬ ಕಾರಣಕ್ಕೆ ಅದನ್ನು ಒಂದು ಪ್ರಕರಣವಾಗಿ ಇಲ್ಲಿ ಪರಿಶೀಲಿಸಲಾಗಿದೆ. ಚಿತ್ರದ ಮತ್ತು ಅದನ್ನು ಮಾಡಿದವರ ಹೆಸರುಗಳು ಎಲ್ಲರಿಗೂ ಗೊತ್ತಿರುವುದರಿಂದ ಅವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವಿಮರ್ಶಕರನ್ನು ಮಾತ್ರ ಹೆಸರಿಸಿಲ್ಲ. ಯಾರು ಹೇಳಿದರು ಎಂಬುದು ಗೊತ್ತಾದ ಕೂಡಲೇ ಓದುಗರ ಗಮನ ಆ ವಿಮರ್ಶಕನ ಕೀರ್ತಿಯ ಕಡೆಗೆ ಹರಿಯುತ್ತದೆ. ಇಲ್ಲಿ ನೋಡಬೇಕಾದದ್ದು ಅವರು ಯಾವ ಆಧಾರದ ಮೇಲೆ ತೀರ್ಪು ಕೊಟ್ಟರು ಎಂಬುದನ್ನು.

ಹಿನ್ನೆಲೆ

ವಿಲಿಯಂ ಫ್ರೀಡ್ಕಿನ್ ನಿರ್ದೇಶಿಸಿದ ‘ದಿ ಫ್ರೆಂಚ್ ಕನೆಕ್ಷನ್’ 1971ರಲ್ಲಿ ಬಂದಿತು. ನ್ಯೂಯಾರ್ಕಿನ ಮಾದಕವಸ್ತು ನಿಗ್ರಹ ವಿಭಾಗದ ಎಡ್ಡಿ ಈಗನ್ ಮತ್ತು ಸನ್ನಿ ಗ್ರೊಸ್ಸೊ ಎಂಬ ಇಬ್ಬರು ಪತ್ತೇದಾರರು 1960ರ ದಶಕದ ಆರಂಭದಲ್ಲಿ ಭೇದಿಸಿದ ಹೆರಾಯಿನ್ ಸಾಗಣೆ ಪ್ರಕರಣವನ್ನು ರಾಬಿನ್ ಮೂರ್ ಪುಸ್ತಕವಾಗಿ ಬರೆದಿದ್ದರು. ಚಿತ್ರ ಅದನ್ನು ಆಧರಿಸಿತ್ತು. ಈಗನ್ ಅವರನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ‘ಪಾಪಾಯ್’ ಡಾಯ್ಲ್ ಪಾತ್ರವನ್ನು ಜೀನ್ ಹ್ಯಾಕ್‌ಮನ್ ಮಾಡಿದರೆ, ಸ್ವತಃ ಈಗನ್ ಆ ಪಾತ್ರದ ಮೇಲಧಿಕಾರಿಯಾಗಿ ತೆರೆಯ ಮೇಲೆ ಕಾಣಿಸಿಕೊಂಡರು. ಎರಡು ಮಿಲಿಯನ್ ಡಾಲರ್ ಆಸುಪಾಸಿನ ವೆಚ್ಚದಲ್ಲಿ ತಯಾರಾದ ಈ ಚಿತ್ರ 1972ರಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ, ನಾಯಕ ನಟ, ಚಿತ್ರಕಥೆ ಮತ್ತು ಸಂಕಲನ ಹೀಗೆ ಐದು ಆಸ್ಕರ್‌ಗಳನ್ನು ಗಳಿಸಿತು. ಬ್ರೂಕ್ಲಿನ್‌ನ ಮೇಲುರೈಲಿನ ಕಂಬಗಳ ಕೆಳಗೆ ಡಾಯ್ಲ್ ಕಾರು ಓಡಿಸಿಕೊಂಡು ರೈಲನ್ನು ಬೆನ್ನಟ್ಟುವ ದೃಶ್ಯ ಚಿತ್ರಕ್ಕಿಂತ ಹೆಚ್ಚು ಹೆಸರು ಮಾಡಿತು.

ಆದರೆ ಮೊದಲ ಚಿತ್ರದ ನಿಜವಾದ ಧೈರ್ಯ ಇದ್ದದ್ದು ಅದರ ಮುಕ್ತಾಯದಲ್ಲಿ. ಪಾಳುಬಿದ್ದ ಕಟ್ಟಡವೊಂದರಲ್ಲಿ ಕಳ್ಳಸಾಗಣೆಯ ಮುಖ್ಯಸ್ಥ ಅಲೆನ್ ಶಾರ್ನಿಯೇನನ್ನು ಹುಡುಕುತ್ತ ಡಾಯ್ಲ್ ನೆರಳೊಂದಕ್ಕೆ ಗುಂಡು ಹಾರಿಸುತ್ತಾನೆ. ಬಿದ್ದವನು ಕೇಂದ್ರ ಸಂಸ್ಥೆಯ ಅಧಿಕಾರಿ. ಡಾಯ್ಲ್‌ಗೆ ಅದರಿಂದ ಏನೂ ಆಗುವುದಿಲ್ಲ. ಪಿಸ್ತೂಲಿಗೆ ಮತ್ತೆ ಗುಂಡು ತುಂಬಿಕೊಂಡು ಕತ್ತಲೆಯೊಳಗೆ ನಡೆದುಬಿಡುತ್ತಾನೆ. ಒಳಗಿನಿಂದ ಒಂದು ಗುಂಡಿನ ಸದ್ದು, ಅಷ್ಟೆ. ಶಾರ್ನಿಯೇ ಸಿಗಲಿಲ್ಲ ಎಂಬುದನ್ನು ಪ್ರೇಕ್ಷಕರಿಗೆ ಕೊನೆಯ ಅಕ್ಷರಗಳು ತಿಳಿಸುತ್ತವೆ.

ಸಮಸ್ಯೆ

ಉತ್ತರಭಾಗಕ್ಕೆ ಕೈಹಾಕಿದವರ ಮುಂದೆ ಇದ್ದ ತೊಡಕುಗಳು ಸಣ್ಣವಲ್ಲ. ಮೊದಲ ಚಿತ್ರಕ್ಕೆ ಆಧಾರವಾಗಿ ಒಂದು ನಿಜ ಪ್ರಕರಣವಿತ್ತು. ಎರಡನೆಯದಕ್ಕೆ ಅಂಥದ್ದೇನೂ ಇರಲಿಲ್ಲ, ಪೂರ್ತಿ ಕಲ್ಪಿಸಬೇಕಿತ್ತು. ಫ್ರೀಡ್ಕಿನ್ ಹಿಂತಿರುಗಲಿಲ್ಲ. ಡಾಯ್ಲ್‌ನ ಜತೆಗಾರನಾಗಿದ್ದ ರಾಯ್ ಶೈಡರ್ ಕೂಡ ಇಲ್ಲ. (ಈ ಚಿತ್ರ ಬಿಡುಗಡೆಯಾದ ಮರುತಿಂಗಳೇ ಶೈಡರ್ ನಾಯಕರಾಗಿದ್ದ ಶಾರ್ಕ್ ಮೀನಿನ ಚಿತ್ರ ಬಂದು ಆ ವರ್ಷದ ಬೇಸಿಗೆಯನ್ನೇ ನುಂಗಿತು.) ನಡುವಿನ ನಾಲ್ಕು ವರ್ಷಗಳಲ್ಲಿ ಒರಟು ಪೊಲೀಸರ ಚಿತ್ರಗಳು ಸಾಲುಗಟ್ಟಿ ಬಂದು, ಬೀದಿಯ ಧೂಳು, ಕೈಯಲ್ಲಿ ಹಿಡಿದ ಕ್ಯಾಮೆರಾದ ಅಲುಗಾಟ, ಕಾನೂನನ್ನು ಬದಿಗೊತ್ತುವ ಅಧಿಕಾರಿ ಇವೆಲ್ಲ ಪ್ರೇಕ್ಷಕರಿಗೆ ಬಾಯಿಪಾಠವಾಗಿದ್ದವು.

ಇದಕ್ಕೆಲ್ಲ ಕಳಶವಿಟ್ಟಂತೆ ಕಥೆಯ ವಸ್ತುವೇ ಹಳತಾಗತೊಡಗಿತ್ತು. ಟರ್ಕಿಯ ಅಫೀಮಿನಿಂದ ತೆಗೆದ ಮಾರ್ಫಿನ್ ಫ್ರಾನ್ಸಿನ ಬಂದರು ನಗರ ಮಾರ್ಸೇಯ ಸುತ್ತಮುತ್ತಲಿನ ಗುಪ್ತ ಪ್ರಯೋಗಾಲಯಗಳಲ್ಲಿ ಹೆರಾಯಿನ್ ಆಗಿ ನ್ಯೂಯಾರ್ಕ್ ಸೇರುತ್ತಿದ್ದ ಜಾಲವನ್ನು 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಪೊಲೀಸರು ಸೇರಿ ಬಹುಮಟ್ಟಿಗೆ ಮುರಿದಿದ್ದರು. ಟರ್ಕಿಯೂ ಕೆಲಕಾಲ ಗಸಗಸೆ ಬೆಳೆಯನ್ನು ನಿಷೇಧಿಸಿತ್ತು. ದಿನಪತ್ರಿಕೆಯ ಸುದ್ದಿಯ ಬಿಸಿಯನ್ನು ನೆಚ್ಚಿಕೊಂಡು ಎರಡನೆಯ ಚಿತ್ರ ನಿಲ್ಲುವಂತಿರಲಿಲ್ಲ.

ಅದಕ್ಕಿಂತ ಆಳದ ತೊಂದರೆ ಪಾತ್ರದ್ದು. ಡಾಯ್ಲ್ ಬದಲಾಗದ ಮನುಷ್ಯ. ತಪ್ಪು ಮಾಡಿದರೂ ತಪ್ಪೆಂದು ತಿಳಿಯದವನು, ಜನಾಂಗದ ಹೆಸರು ಹಿಡಿದು ಬೈಯುವವನು, ಹಟ ಬಿಟ್ಟರೆ ಬೇರೇನೂ ಇಲ್ಲದವನು. ಮೊದಲ ಚಿತ್ರ ಅವನನ್ನು ಹೊರಗಿನಿಂದ, ವರದಿಗಾರನ ಕಣ್ಣಿನಿಂದ ನೋಡಿತು. ಅವನ ಮನೆ, ಬಾಲ್ಯ, ನೋವು ಯಾವುದನ್ನೂ ಕೆದಕಲಿಲ್ಲ. ಆ ದೂರದಲ್ಲೇ ಅವನ ತೂಕವಿತ್ತು. ಇನ್ನೆರಡು ಗಂಟೆ ಅದೇ ದೂರದಿಂದ ನೋಡಿದರೆ ಪುನರಾವರ್ತನೆ. ಹತ್ತಿರ ಹೋದರೆ ಪಾತ್ರ ಮೆದುವಾಗುವ ಭಯ.

ತೆಗೆದುಕೊಂಡ ನಿರ್ಧಾರಗಳು

ನಿರ್ದೇಶನ ಜಾನ್ ಫ್ರಾಂಕನ್‌ಹೈಮರ್ ಪಾಲಿಗೆ ಬಂದಿತು. 1960ರ ದಶಕದಲ್ಲಿ ರಾಜಕೀಯ ರೋಚಕ ಚಿತ್ರಗಳಿಂದ ದೊಡ್ಡ ಹೆಸರು ಮಾಡಿ, ಆಮೇಲೆ ಸತತವಾಗಿ ಸೋಲು ಕಂಡಿದ್ದ ನಿರ್ದೇಶಕ ಅವರು. ಫ್ರಾನ್ಸಿನಲ್ಲಿ ವಾಸಿಸಿದ್ದರು, ಫ್ರೆಂಚ್ ಬಲ್ಲವರಾಗಿದ್ದರು, ಅಲ್ಲಿ ಚಿತ್ರ ಮಾಡಿದ ಅನುಭವವೂ ಇತ್ತು. ಅಲೆಕ್ಸಾಂಡರ್ ಜೇಕಬ್ಸ್, ರಾಬರ್ಟ್ ಡಿಲನ್ ಮತ್ತು ಲಾರಿ ಡಿಲನ್ ಚಿತ್ರಕಥೆ ಬರೆದರು. ಛಾಯಾಗ್ರಹಣಕ್ಕೆ ಬಂದ ಕ್ಲೋದ್ ರೆನ್ವಾರ್ ಪ್ರಸಿದ್ಧ ಚಿತ್ರಕಾರನ ಮೊಮ್ಮಗ. ಸಂಗೀತಕ್ಕೆ ಮೊದಲ ಚಿತ್ರದ ಡಾನ್ ಎಲ್ಲಿಸ್ ಅವರನ್ನೇ ಉಳಿಸಿಕೊಂಡರು. ನಟರಲ್ಲಿ ಹ್ಯಾಕ್‌ಮನ್ ಮತ್ತು ಶಾರ್ನಿಯೇ ಪಾತ್ರದ ಫರ್ನಾಂಡೊ ರೇ ಉಳಿದರು.

ಮೊದಲ ತಿರುವು ಊರು ಬದಲಿಸಿದ್ದು. ಶಾರ್ನಿಯೇ ನ್ಯೂಯಾರ್ಕಿಗೆ ಬರುವುದಿಲ್ಲ, ಡಾಯ್ಲ್ ಮಾರ್ಸೇಗೆ ಹೋಗುತ್ತಾನೆ. ಕೇಳಲು ಸರಳವಾದ ಈ ಉಪಾಯದಿಂದ ನ್ಯೂಯಾರ್ಕಿನಲ್ಲಿ ಡಾಯ್ಲ್‌ಗಿದ್ದ ಎಲ್ಲ ಬಲವೂ ಒಂದೇ ಏಟಿಗೆ ಕಳಚಿಹೋಗುತ್ತದೆ. ಅವನಿಗೆ ಇಲ್ಲಿನ ಗಲ್ಲಿಗಳು ಗೊತ್ತಿಲ್ಲ, ಮಾಹಿತಿದಾರರಿಲ್ಲ, ಮಾತು ಬರುವುದಿಲ್ಲ. ಬೈದರೂ ಬೈಸಿಕೊಂಡವನಿಗೆ ಅರ್ಥವಾಗುವುದಿಲ್ಲ. ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ಮತ್ತು ಹಳೆಯ ಪುಟ್ಟ ಟೋಪಿಯಲ್ಲಿ ಅವನು ಬಂದಿಳಿಯುವ ದಿನ ಏಪ್ರಿಲ್ ಒಂದು. ಸುಳ್ಳು ಸುಳಿವೊಂದನ್ನು ನಂಬಿದ ಅಲ್ಲಿನ ಪೊಲೀಸರು ಬಂದರಿನಲ್ಲಿ ಮೀನಿನ ರಾಶಿಯ ಮುಂದೆ ನಿಂತು, ಹೆರಾಯಿನ್ ಹುಡುಕುತ್ತ ಒಂದೊಂದೇ ಮೀನಿನ ಹೊಟ್ಟೆ ಸೀಳುತ್ತಿರುತ್ತಾರೆ. ಇನ್ಸ್‌ಪೆಕ್ಟರ್ ಬಾರ್ತೆಲೆಮಿ ಅವನ ಕಡತವನ್ನು ಮೊದಲೇ ಓದಿಕೊಂಡಿದ್ದಾನೆ. ಡಾಯ್ಲ್‌ಗೆ ಕೊಡುವ ಮೇಜು ಶೌಚಾಲಯದ ಪಕ್ಕದ್ದು. ಅತಿಥಿಯನ್ನು ಎಲ್ಲಿ ಕೂರಿಸಿದರು ಎಂಬುದರಲ್ಲೇ ಆತಿಥ್ಯದ ಅಳತೆ ಸಿಗುತ್ತದೆ.

ಇದರ ಫಲ ಹೇಗಿದೆ ಎಂಬುದನ್ನು ಬಾರಿನ ದೃಶ್ಯದಲ್ಲಿ ಕಾಣಬಹುದು. ಡಾಯ್ಲ್ ತನಗೆ ಬೇಕಾದ ಅಮೆರಿಕನ್ ವಿಸ್ಕಿಯ ಹೆಸರು ಹೇಳುತ್ತಾನೆ, ಬಾರಿನವನಿಗೆ ತಿಳಿಯುವುದಿಲ್ಲ. ಮತ್ತೆ ಹೇಳುತ್ತಾನೆ, ದನಿ ಎತ್ತುತ್ತಾನೆ, ಪಕ್ಕದ ಹುಡುಗಿಯರೊಂದಿಗೆ ಮಾತಿಗೆಳೆಯಲು ನೋಡುತ್ತಾನೆ, ಅದೂ ನಡೆಯುವುದಿಲ್ಲ. ಕೊನೆಗೆ ಬಾರಿನವನಿಗೇ ಕುಡಿಸಿ ಅವನ ಜತೆ ಕೂತು ಕುಡಿಯುತ್ತಾನೆ. ಕಥೆ ಇಲ್ಲಿ ಒಂದಿಂಚೂ ಮುಂದೆ ಸಾಗಿಲ್ಲ. ಆದರೆ ಮೊದಲ ಚಿತ್ರದಲ್ಲಿ ಇಡೀ ಬಾರಿಗೆ ನುಗ್ಗಿ ಅಲ್ಲಿದ್ದವರನ್ನೆಲ್ಲ ಗೋಡೆಗೆ ನಿಲ್ಲಿಸಿದ್ದ ಮನುಷ್ಯ ಇವನೇ ಎಂಬುದನ್ನು ನೆನೆದರೆ, ಏನನ್ನು ಕಿತ್ತುಕೊಳ್ಳಲಾಗಿದೆ ಎಂಬುದು ವಿವರಣೆಯಿಲ್ಲದೆ ಹೊಳೆಯುತ್ತದೆ.

ದಾಳಿಯೊಂದರ ವೇಳೆ ಡಾಯ್ಲ್ ಒಬ್ಬನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾನೆ. ಅವನು ಮಾರುವೇಷದಲ್ಲಿದ್ದ ಫ್ರೆಂಚ್ ಪೊಲೀಸ್. ಗುಟ್ಟು ಬಯಲಾಗಿ ಆತ ಕೊಲೆಯಾಗುತ್ತಾನೆ. ಮೊದಲ ಚಿತ್ರದ ಕೊನೆಯ ತಪ್ಪನ್ನೇ ಇದು ಬೇರೆ ರೂಪದಲ್ಲಿ ಮುಂದಿಡುತ್ತದೆ, ಮತ್ತು ಬಾರ್ತೆಲೆಮಿಯ ತಾತ್ಸಾರಕ್ಕೆ ಸಕಾರಣ ಒದಗಿಸುತ್ತದೆ. ಜತೆಗೆ, ಶಾರ್ನಿಯೇ ಹೊರಬರಲೆಂದು ತನ್ನನ್ನು ಗಾಳಕ್ಕೆ ಸಿಕ್ಕಿಸಿದ ಹುಳುವಿನಂತೆ ಊರೊಳಗೆ ಬಿಟ್ಟಿದ್ದಾರೆ ಎಂಬುದು ಡಾಯ್ಲ್‌ಗೆ ಗೊತ್ತೇ ಇರುವುದಿಲ್ಲ.

ಎರಡನೆಯ ತಿರುವೇ ಇಡೀ ಪ್ರಕರಣದ ತಿರುಳು. ಶಾರ್ನಿಯೇನ ಜನ ಡಾಯ್ಲ್‌ನನ್ನು ಹಿಡಿದು ಕೊಳಕು ಹೋಟೆಲೊಂದರ ಕೋಣೆಯಲ್ಲಿ ಕೂಡಿಹಾಕಿ, ಅವನಿಗೆ ಹೆರಾಯಿನ್ ಚುಚ್ಚತೊಡಗುತ್ತಾರೆ. ವಾರಗಳು ಕಳೆಯುತ್ತವೆ. ಮೊದಮೊದಲು ತೋಳು ಎಳೆದುಕೊಂಡು ಒದ್ದಾಡುತ್ತಿದ್ದವನು ಆಮೇಲೆ ಸೂಜಿಗಾಗಿ ಕಾಯುತ್ತಾನೆ. ಪ್ರಶ್ನೆಗಳಿಗೆ ಅವನ ಬಳಿ ಉತ್ತರವೇನೂ ಇಲ್ಲವೆಂದು ಖಚಿತವಾದ ಮೇಲೆ ಅವನನ್ನು ಪೊಲೀಸ್ ಕಚೇರಿಯ ಮುಂದೆ ತಂದು ಎಸೆದು ಹೋಗುತ್ತಾರೆ.

ಈ ಭಾಗದ ಅತ್ಯಂತ ಗಟ್ಟಿ ದೃಶ್ಯದಲ್ಲಿ ಹೊಡೆದಾಟವಿಲ್ಲ. ಅದೇ ಹೋಟೆಲಿನಲ್ಲಿರುವ ಒಬ್ಬ ಮುದುಕಿ (ನಟಿ ಕ್ಯಾಥ್ಲೀನ್ ನೆಸ್ಬಿಟ್) ಅಮಲಿನಲ್ಲಿ ಬಿದ್ದಿರುವ ಡಾಯ್ಲ್‌ನ ಮಂಚದ ಬಳಿ ಕೂತು, ನೀನು ನನ್ನ ಮಗನ ಹಾಗೆ ಕಾಣುತ್ತೀಯ ಎಂದು ಮೆಲುದನಿಯಲ್ಲಿ ಹೇಳುತ್ತ ಅವನ ಕೈ ಸವರುತ್ತಾಳೆ. ತಾಯ್ತನದ ಆ ಸವರಿಕೆಯ ನಡುವೆಯೇ ಅವನ ಕೈಗಡಿಯಾರ ಬಿಚ್ಚಿಕೊಂಡಿರುತ್ತಾಳೆ. ಆಮೇಲೆ ಅವಳ ತೋಳು ಕಾಣಿಸುತ್ತದೆ: ತುಂಬ ಸೂಜಿಯ ಗುರುತು. ಮಾದಕವಸ್ತು ಏನು ಮಾಡುತ್ತದೆ ಎಂಬುದನ್ನು ಮೊದಲ ಚಿತ್ರ ತೂಕ, ಬೆಲೆ ಮತ್ತು ಶುದ್ಧತೆಯ ಲೆಕ್ಕದಲ್ಲಿ ಹೇಳಿತ್ತು. ಇಲ್ಲಿ ಅದನ್ನು ಒಂದು ಗಡಿಯಾರದಲ್ಲಿ ಹೇಳಲಾಗಿದೆ.

ಮೂರನೆಯ ನಿರ್ಧಾರ ಕಥೆಯೊಳಗೆ ಬಾರ್ತೆಲೆಮಿಯದು. ಡಾಯ್ಲ್ ವ್ಯಸನಿಯಾದನೆಂಬ ಸುದ್ದಿ ಹೊರಬಿದ್ದರೆ ಅವನ ನೌಕರಿ ಮುಗಿದಂತೆ. ಆದ್ದರಿಂದ ಆಸ್ಪತ್ರೆಗೆ ಕಳಿಸದೆ, ಕಚೇರಿಯ ನೆಲಮಾಳಿಗೆಯ ಕೋಣೆಯೊಂದರಲ್ಲಿ ಗುಟ್ಟಾಗಿ ಕೂಡಿಹಾಕಿ ಚಟ ಬಿಡಿಸಲಾಗುತ್ತದೆ. ಬಾರ್ತೆಲೆಮಿಯಾಗಿ ಬರ್ನಾರ್ ಫ್ರೆಸ್ಸೋನ್ ಈ ಭಾಗದಲ್ಲಿ ಹೆಚ್ಚಾಗಿ ಸುಮ್ಮನೆ ಕೂರುತ್ತಾರೆ, ಅಷ್ಟರಿಂದಲೇ ಪಾತ್ರ ಬೆಳೆಯುತ್ತದೆ. ಬ್ರಾಂದಿಯ ಜತೆ ನಡೆಯುವ ದೀರ್ಘ ಮಾತುಕತೆಯಲ್ಲಿ ಡಾಯ್ಲ್ ತನ್ನ ಹರೆಯದ ಒಂದು ಸಂಗತಿ ಹೇಳುತ್ತಾನೆ: ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಆಯ್ಕೆಗೆ ಹೋಗಿದ್ದು, ಅಲ್ಲಿ ಮುಂದೆ ಆ ಆಟದ ದೊಡ್ಡ ತಾರೆಯಾದ ಮಿಕಿ ಮ್ಯಾಂಟಲ್ ಎಂಬ ಹುಡುಗನ ಆಟ ಕಂಡದ್ದು, ಆಮೇಲೆ ಪೊಲೀಸ್ ಪರೀಕ್ಷೆ ಕಟ್ಟಿದ್ದು. ಬಾರ್ತೆಲೆಮಿಗೆ ಬೇಸ್‌ಬಾಲ್ ಗೊತ್ತಿಲ್ಲ, ಮ್ಯಾಂಟಲ್ ಯಾರೆಂದೂ ಗೊತ್ತಿಲ್ಲ. ತನ್ನ ಬದುಕಿನ ದೊಡ್ಡ ಸೋಲನ್ನು ಹೇಳಿಕೊಳ್ಳುತ್ತಿರುವ ಮನುಷ್ಯನ ಎದುರು ಆ ಸೋಲಿನ ಗಾತ್ರವೇ ತಿಳಿಯದ ಕೇಳುಗ ಕೂತಿದ್ದಾನೆ. ಹ್ಯಾಕ್‌ಮನ್ ನಗುತ್ತ ನಗುತ್ತಲೇ ಅಳುವಿಗೆ ಜಾರುತ್ತಾರೆ.

ಉಳಿದ ನಿರ್ಧಾರಗಳನ್ನು ಬೇಗ ಹೇಳಿ ಮುಗಿಸಬಹುದು. ಕಾರಿನ ಬೆನ್ನಟ್ಟುವಿಕೆಯನ್ನು ಪುನರಾವರ್ತಿಸಲಿಲ್ಲ. ಚೇತರಿಸಿಕೊಂಡ ಡಾಯ್ಲ್ ತನ್ನನ್ನು ಕೂಡಿಹಾಕಿದ್ದ ಹೋಟೆಲಿಗೆ ಬೆಂಕಿ ಹಚ್ಚುತ್ತಾನೆ, ಹಡಗುಕಟ್ಟೆಯಲ್ಲಿ ನೀರು ನುಗ್ಗಿಬರುವ ಗುಂಡಿನ ಕಾಳಗ ನಡೆಯುತ್ತದೆ (ದುಬಾರಿ ದೃಶ್ಯ, ಯಾವ ಚಿತ್ರದಲ್ಲಾದರೂ ಇರಬಹುದಾದದ್ದು). ಕೊನೆಗೆ ಟ್ರಾಮ್ ಹತ್ತಿ, ಆಮೇಲೆ ದೋಣಿಯೇರಿ ತಪ್ಪಿಸಿಕೊಳ್ಳುವ ಶಾರ್ನಿಯೇನನ್ನು ಡಾಯ್ಲ್ ಏದುಸಿರು ಬಿಡುತ್ತ, ಓಡುತ್ತಲೇ ಹಿಂಬಾಲಿಸುತ್ತಾನೆ. ಬಂದರಿನ ತುದಿಯಲ್ಲಿ ನಿಂತು ಅವನ ಹೆಸರು ಕೂಗಿ ಎರಡು ಗುಂಡು ಹಾರಿಸಿದೊಡನೆ ಚಿತ್ರ ಕಡಿದಂತೆ ನಿಲ್ಲುತ್ತದೆ. ಮೊದಲ ಚಿತ್ರ ತೆರೆದಿಟ್ಟಿದ್ದ ಬಾಗಿಲನ್ನು ಇದು ಮುಚ್ಚುತ್ತದೆ, ಆದರೆ ವಿಜಯದ ಸಂಭ್ರಮಕ್ಕೆ ಒಂದು ಕ್ಷಣವನ್ನೂ ಕೊಡುವುದಿಲ್ಲ.

ವಿಮರ್ಶಕರ ಮುಂದೆ

ಚಿತ್ರೋದ್ಯಮದ ಪ್ರಮುಖ ವ್ಯಾಪಾರಿ ಪತ್ರಿಕೆಯ ವಿಮರ್ಶೆ ಹೆಚ್ಚು ಸಮತೋಲನದ್ದು. ಈ ಚಿತ್ರ ಮೊದಲನೆಯದಕ್ಕೆ ಪೂರಕವೂ ಹೌದು, ಅದಕ್ಕಿಂತ ಸ್ಪಷ್ಟವಾಗಿ ಭಿನ್ನವೂ ಹೌದು ಎಂದು ಅದು ಗುರುತಿಸಿತು. ನ್ಯೂಯಾರ್ಕಿನ ದಿನಪತ್ರಿಕೆಯೊಂದರ ವಿಮರ್ಶಕರು ನಡುಭಾಗವನ್ನೇ ಚಿತ್ರದ ಶಕ್ತಿಯೆಂದು ಕಂಡರು: ಉದಾತ್ತನಲ್ಲದ ಆದರೆ ಕುತೂಹಲ ಹುಟ್ಟಿಸುವ ಇಂಥ ಮನುಷ್ಯನಿಗೆ ಬಲವಂತವಾಗಿ ಚಟ ಹಿಡಿಸಿ ಬಿಟ್ಟುಬಿಟ್ಟಾಗ ಹುಟ್ಟುವ ಅಪಾಯ ಬೇರೆಯೇ ಬಗೆಯದು, ಅದನ್ನು ಚಿತ್ರವೂ ಹ್ಯಾಕ್‌ಮನ್ನರೂ ಚೆನ್ನಾಗಿ ದುಡಿಸಿಕೊಂಡಿದ್ದಾರೆ ಎಂಬುದು ಅವರ ಅಭಿಪ್ರಾಯದ ಸಾರ.

ಚಿಕಾಗೋದ ವಿಮರ್ಶಕರೊಬ್ಬರ ತೀರ್ಪು ಇಲ್ಲಿ ಹೆಚ್ಚು ಉಪಯುಕ್ತ, ಏಕೆಂದರೆ ಅವರು ಎರಡು ಅಳತೆಗೋಲುಗಳನ್ನು ಬೇರೆ ಬೇರೆಯಾಗಿ ಇಟ್ಟರು. ಡಾಯ್ಲ್ ಪಾತ್ರಕ್ಕೆ ಈ ಚಿತ್ರ ನ್ಯಾಯ ಒದಗಿಸಿಲ್ಲ, ಆದರೆ ಪೊಲೀಸ್ ಚಿತ್ರವೆಂಬ ಪ್ರಕಾರಕ್ಕೆ ಒದಗಿಸಿದೆ. ಮೊದಲ ಚಿತ್ರದ ಬೆನ್ನಿಗೆ ಬಂದ ಬಹುಪಾಲು ಪೊಲೀಸ್ ಚಿತ್ರಗಳಿಗಿಂತ ಇದು ಮೇಲು ಎಂದರು. ಇನ್ನು ಕೆಲವರ ಆಕ್ಷೇಪ ನೇರವಾಗಿ ವ್ಯಸನದ ಭಾಗದ ಮೇಲೆಯೇ ಇತ್ತು: ಹ್ಯಾಕ್‌ಮನ್ ಅಭಿನಯ ಎಷ್ಟೇ ಚೆನ್ನಾಗಿರಲಿ, ಬೆನ್ನಟ್ಟುವಿಕೆಯನ್ನು ನಿರೀಕ್ಷಿಸಿ ಕೂತ ಪ್ರೇಕ್ಷಕನ ಪಾಲಿಗೆ ಕಥೆ ಅಲ್ಲಿ ನಿಂತುಬಿಡುತ್ತದೆ ಎಂಬುದು ಆ ದೂರು.

ಆಸ್ಕರ್ ನಾಮನಿರ್ದೇಶನ ಒಂದೂ ಬರಲಿಲ್ಲ. ಹ್ಯಾಕ್‌ಮನ್ ಗೋಲ್ಡನ್ ಗ್ಲೋಬ್‌ಗೂ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗೂ ನಾಮನಿರ್ದೇಶನಗೊಂಡರು. ಮೊದಲನೆಯದರ ಎರಡರಷ್ಟಕ್ಕಿಂತ ಹೆಚ್ಚು ಹಣ ಹಾಕಿ ಮಾಡಿದ ಈ ಚಿತ್ರ ಗಳಿಕೆಯಲ್ಲಿ ಅದರ ಹತ್ತಿರಕ್ಕೂ ಬರಲಿಲ್ಲ. ಆದರೆ ಕಾಲ ಕಳೆದಂತೆ, ಒಳ್ಳೆಯ ಉತ್ತರಭಾಗಗಳ ಮಾತು ಬಂದಾಗಲೆಲ್ಲ ಇದರ ಹೆಸರೂ ಬರತೊಡಗಿತು, ಅದೂ ಬಹುಪಾಲು ಆ ನೆಲಮಾಳಿಗೆಯ ದೃಶ್ಯಗಳ ಕಾರಣಕ್ಕೆ.

ಪ್ರಕರಣದಿಂದ ತಿಳಿಯುವುದು

ಕಥೆ ನಿಲ್ಲುತ್ತದೆ ಎಂಬ ದೂರನ್ನು ತಳ್ಳಿಹಾಕುವಂತಿಲ್ಲ. ಡಾಯ್ಲ್ ಕೋಣೆಯಲ್ಲಿ ಒದ್ದಾಡುವಷ್ಟು ಹೊತ್ತು ಶಾರ್ನಿಯೇ ಹೆಚ್ಚುಕಡಿಮೆ ಮರೆಯಾಗಿರುತ್ತಾನೆ. ಅವನ ವ್ಯವಹಾರ ಎಲ್ಲಿಗೆ ಬಂತು, ಡಾಯ್ಲ್‌ನನ್ನು ಜೀವಂತ ಬಿಟ್ಟದ್ದರಿಂದ ಅವನಿಗೇನು ನಷ್ಟ ಎಂಬುದು ತಿಳಿಯದ ಕಾರಣ ಹೊರಗಿನ ಒತ್ತಡ ಸಡಿಲವಾಗುತ್ತದೆ. ಚಿತ್ರಕಥೆಗಾರರು ಆ ಅವಧಿಯಲ್ಲಿ ಎದುರಾಳಿಯ ಕಡೆಯ ಒಂದು ಎಳೆಯನ್ನು ಬಿಗಿಯಾಗಿ ಹಿಡಿದಿದ್ದರೆ ಆಕ್ಷೇಪಕ್ಕೆ ಅರ್ಧ ಉತ್ತರ ಸಿಗುತ್ತಿತ್ತು. ಇದು ಕಸುಬಿನ ದೋಷ. ಆದರೆ ಅದರಿಂದ ನಡುಭಾಗವೇ ಬೇಡವಾಗಿತ್ತು ಎಂಬ ತೀರ್ಮಾನಕ್ಕೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಆ ಭಾಗ ತೆಗೆದರೆ ಉಳಿಯುವುದು ಮೀನು, ಬೆಂಕಿ, ಹಡಗುಕಟ್ಟೆ ಮತ್ತು ಒಂದು ಓಟ, ಅಂದರೆ ಆ ನಾಲ್ಕು ವರ್ಷಗಳಲ್ಲಿ ಬಂದುಹೋದ ಇತರ ಪೊಲೀಸ್ ಚಿತ್ರಗಳಂಥದ್ದೇ ಇನ್ನೊಂದು.

ಚಿಕಾಗೋದ ವಿಮರ್ಶಕರ ಮಾತನ್ನು ಒಪ್ಪದೆಯೂ ಅವರ ಕ್ರಮದಿಂದ ಕಲಿಯಬಹುದು. ಮೊದಲ ಚಿತ್ರದ ಡಾಯ್ಲ್‌ಗೆ ಹೋಲಿಸಿ ಒಂದು ತೀರ್ಪು, ಸಮಕಾಲೀನ ಚಿತ್ರಗಳಿಗೆ ಹೋಲಿಸಿ ಇನ್ನೊಂದು ತೀರ್ಪು, ಎರಡನ್ನೂ ಓದುಗರ ಮುಂದೆ ಬಿಡಿಯಾಗಿ ಇಟ್ಟದ್ದರಿಂದ ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬ ಸ್ವಾತಂತ್ರ್ಯ ಓದುಗರಿಗೆ ಉಳಿಯಿತು. ಅವರ ಮೊದಲ ತೀರ್ಪಿನೊಂದಿಗೆ ನನ್ನ ಜಗಳವಿರುವುದು ಇಲ್ಲಿ: ಪಾತ್ರಕ್ಕೆ ನ್ಯಾಯವೆಂದರೆ ಅದನ್ನು ಮೊದಲಿದ್ದಂತೆಯೇ ಕಾಪಾಡುವುದು ಎಂಬ ಎಣಿಕೆ ಅದರಲ್ಲಿ ಅಡಗಿದೆ. ಡಾಯ್ಲ್ ಇಲ್ಲಿ ಒಳ್ಳೆಯವನಾಗುವುದಿಲ್ಲ. ಚಟ ಬಿಟ್ಟು ಎದ್ದವನು ಮೊದಲು ಮಾಡುವ ಕೆಲಸ ಒಂದು ಹೋಟೆಲನ್ನು ಸುಡುವುದು. ಅದರೊಳಗೆ ತನ್ನಂತೆಯೇ ಸೂಜಿಗೆ ಸಿಕ್ಕಿದವರು ಇದ್ದಾರೆಂಬ ಯೋಚನೆಯೂ ಅವನನ್ನು ತಡೆಯುವುದಿಲ್ಲ. ಅವನ ಬಗ್ಗೆ ಪ್ರೇಕ್ಷಕನಿಗಿರುವ ತಿಳಿವಳಿಕೆ ಬೆಳೆದಿದೆ, ಅವನಿಗೆ ತನ್ನ ಬಗ್ಗೆ ಏನೂ ತಿಳಿದಿಲ್ಲ. ಆ ಅಂತರವನ್ನು ಉಳಿಸಿಕೊಂಡದ್ದು ಚಿತ್ರಕಥೆಯ ಜಾಣತನ. ಬಿಡುಗಡೆಯ ವಾರದ ವಿಮರ್ಶೆಗಳಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ.

ಫ್ರಾಂಕನ್‌ಹೈಮರ್ 1998ರಲ್ಲಿ ಮತ್ತೆ ಫ್ರಾನ್ಸಿಗೆ ಹೋಗಿ ಇನ್ನೊಂದು ರೋಚಕ ಚಿತ್ರ ಮಾಡಿದರು; ಅದರಲ್ಲಿನ ಕಾರುಗಳ ಬೆನ್ನಟ್ಟುವಿಕೆಯನ್ನು ವಿಮರ್ಶಕರು ಬಹಳವಾಗಿ ಹೊಗಳಿದರು. ಅಂಥ ದೃಶ್ಯ ತೆಗೆಯುವ ಕೈಚಳಕ 1975ರಲ್ಲಿಯೂ ಅವರಿಗೆ ಇದ್ದೇ ಇತ್ತು, ಏಕೆಂದರೆ 1966ರಲ್ಲಿಯೇ ಅವರು ಮೋಟಾರು ಪಂದ್ಯಗಳನ್ನು ಕುರಿತ ದೊಡ್ಡ ಚಿತ್ರವನ್ನು ಮಾಡಿ ಮುಗಿಸಿದ್ದರು.